ಬಿರುಕು ಬಿಟ್ಟ ಹಳೇ ಮನೆ: ಮುಂಗಡ ಕೊಡುವ ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ: ನಾನೂ ನನ್ನ ಯಜಮಾನರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಸುಮಾರು 70 ವರ್ಷದ ಹೆಂಚಿನ ಮನೆ, ಹತ್ತು ಗುಂಟೆ ಹಿತ್ತಿಲಿನ ಜೊತೆ ಮಾರಾಟಕ್ಕಿದೆ. ಮಣ್ಣಿನ ಗೋಡೆ, ಜಂಬಿಟ್ಟಿಗೆ ಕಲ್ಲಿನ ಪಾಯ. ಹಿಂದಿನ ಅಡುಗೆಮನೆಯ ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಓರೆಯಾಗಿ ಬಿರುಕು ಬಿಟ್ಟಿದೆ. ಮೇಲ್ಗಡೆ ಕಿರುಬೆರಳು ತೂರುವಷ್ಟು ಅಗಲವಿದೆ. ಅಲ್ಲಿ ನೆಲವೂ ಸ್ವಲ್ಪ ಇಳಿದಂತಿದೆ. ಮನೆಯ ಹಿಂದೆ ಧರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚು. ನಾಲ್ಕು ವರ್ಷದ ಹಿಂದೆ ಅಂಗಳ ದೊಡ್ಡದು ಮಾಡಲು ಅದನ್ನು ಜೆಸಿಬಿಯಲ್ಲಿ ಕಡಿಸಿದ್ದಾರೆ. ಅದೇ ವರ್ಷ ಅಡುಗೆಮನೆಗೆ ತಾಗಿಸಿ ಬಚ್ಚಲು, ಪಾಯಿಖಾನೆ ಕಟ್ಟಿಸಿದ್ದಾರೆ. ಮಾರುವವರು ‘ಬರೀ ಗಿಲಾವಿನ ಬಿರುಕು’ ಅನ್ನುತ್ತಾರೆ. ನಾವು ಕರೆದುಕೊಂಡು ಹೋದ ಮೇಸ್ತ್ರಿ ‘ಪಾಯವೇ ಹೋಗಿದೆ, ಕೆಡವಿ ಕಟ್ಟಿ’ ಅನ್ನುತ್ತಾರೆ. ಮಾರ್ಚ್‌ನಲ್ಲಿ ನೋಡಿ ಬಂದೆವು. ಅಕ್ಷಯ ತೃತೀಯದೊಳಗೆ ಮುಂಗಡ ಕೊಟ್ಟರೆ ಬೆಲೆ ಇಳಿಸುತ್ತಾರಂತೆ. ನಮ್ಮ ಮಾವನವರಿಗೆ ಮನೆ ತುಂಬಾ ಹಿಡಿಸಿದೆ, ಅಲ್ಲೇ ಇರಬೇಕೆಂಬ ಆಸೆ. ಕೊಳ್ಳಬಹುದೇ?

ಉತ್ತರ: ಅಕ್ಷಯ ತೃತೀಯಕ್ಕೆ ಮುಂಗಡ ಕೊಡಬೇಡಿ. ಮನೆಯೇ ಬೇಡ ಎಂದು ಹೇಳುತ್ತಿಲ್ಲ. ನೀವು ಬರೆದದ್ದನ್ನು ಓದಿದರೆ ಉಳಿಸಿಕೊಳ್ಳಬಹುದಾದ ಮನೆ ಇರಬಹುದು ಅನ್ನಿಸುತ್ತದೆ. ಆದರೆ ಆಗುಂಬೆಯ ಮಗ್ಗುಲಿನ ಮನೆಯೊಂದರ ಪಾಯ ಹೇಗಿದೆ ಎಂಬುದರಲ್ಲಿ ಅರ್ಧ ಮಾತ್ರ ಮಾರ್ಚ್‌ನಲ್ಲಿ ತಿಳಿಯುತ್ತದೆ. ಉಳಿದರ್ಧ ತಿಳಿಯಬೇಕಾದರೆ ಜುಲೈ ಹೊತ್ತಿನ ಪುನರ್ವಸು, ಪುಷ್ಯ ಮಳೆ ಹಿಡಿಯಬೇಕು.

ಮಾರುವವರ ಮಾತನ್ನೂ ನಿಮ್ಮ ಮೇಸ್ತ್ರಿಯ ಮಾತನ್ನೂ ನಾನು ಒಪ್ಪುವುದಿಲ್ಲ. ಗಿಲಾವಿನ ಬಿರುಕು ಕೂದಲೆಳೆಯಷ್ಟಿರುತ್ತದೆ, ಜೇಡರ ಬಲೆಯ ಹಾಗೆ ಎಲ್ಲ ಕಡೆ ಹರಡಿರುತ್ತದೆ. ಒಂದೇ ಓರೆಗೆರೆಯಾಗಿ ನೆಲದಿಂದ ಸೂರಿಗೆ ಹೋಗುವುದಿಲ್ಲ, ಜೊತೆಗೆ ನೆಲವನ್ನೂ ಇಳಿಸುವುದಿಲ್ಲ. ಹಾಗಾಗಿ ಆ ಮೂಲೆ ಕೂತಿರುವುದು ನಿಜ. ಆದರೆ ‘ಪಾಯ ಹೋಗಿದೆ’ ಎನ್ನುವ ಮಾತು ಕಾರಣವನ್ನು ಹೇಳುವುದಿಲ್ಲ. 70 ಮಳೆಗಾಲ ಕಂಡ ಪಾಯ ಇದು. ಹೊಸ ಮನೆಯ ಪಾಯ ಕೂರುವುದಿದ್ದರೆ ಮೊದಲ ನಾಲ್ಕೈದು ಮಳೆಗಾಲದಲ್ಲೇ ಹೆಚ್ಚಾಗಿ ಕೂತುಬಿಡುತ್ತದೆ, ಆಮೇಲೆ ಭಾರಕ್ಕೂ ನೆಲಕ್ಕೂ ಹೊಂದಾಣಿಕೆಯಾಗುತ್ತದೆ. ಅಷ್ಟು ವರ್ಷ ಅಲುಗದ ಮೂಲೆ ಈಗ ಇಳಿಯಿತೆಂದರೆ ಅದರ ಕೆಳಗಿನ ನೆಲಕ್ಕೆ ಈಚೆಗೆ ಏನೋ ಆಗಿದೆ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಮಲೆನಾಡಿನ ಮನೆಗಳನ್ನು ನೋಡುತ್ತಿದ್ದೇನೆ. ಇಂಥ ಕಡೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಹೊಸದಾಗಿ ಇಲ್ಲಿಗೆ ನೀರು ಎಲ್ಲಿಂದ ಬಂತು?

ನಿಮ್ಮ ಪತ್ರದಲ್ಲಿ ಅದಕ್ಕೆ ಎರಡು ಉತ್ತರಗಳಿವೆ: ಕಡಿದ ಧರೆ ಮತ್ತು ತಾಗಿಸಿ ಕಟ್ಟಿದ ಬಚ್ಚಲು. ಇವೆರಡರಲ್ಲಿ ಯಾವುದು ಎಂಬುದರ ಮೇಲೆ ಮನೆ ಕೊಳ್ಳಬೇಕೋ ಬೇಡವೋ ಎಂಬುದು ನಿಂತಿದೆ. ಬಚ್ಚಲಿನ ನೀರಾದರೆ ನಿಲ್ಲಿಸಬಹುದು. ಗುಡ್ಡದ ನೀರಾದರೆ ನಿಲ್ಲಿಸುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹಿಂದಿನವರು ಆ ಮನೆಯನ್ನು ಹೇಗೆ ಕಟ್ಟಿದ್ದರು ಎಂಬುದನ್ನು ಸ್ವಲ್ಪ ಹೇಳಬೇಕು. ಅದು ತಿಳಿಯದೆ ರಿಪೇರಿಗೆ ಕೈಹಾಕಿದವರೇ ಹೆಚ್ಚು ಹಾಳು ಮಾಡಿದ್ದಾರೆ. ಸಿಮೆಂಟ್ ಇಲ್ಲದ ಕಾಲದಲ್ಲಿ ಎರಡು ಮೂರಡಿ ಚರಂಡಿ ತೆಗೆದು, ಕಾಡುಕಲ್ಲನ್ನೋ ಜಂಬಿಟ್ಟಿಗೆಯನ್ನೋ ಮಣ್ಣಿನಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಎತ್ತರದ ಪಂಚಾಂಗ (ನೆಲದಿಂದ ಮೇಲೆದ್ದ ಕಟ್ಟೆ), ಅದರ ಮೇಲೆ ಒಂದೂವರೆ ಎರಡಡಿ ದಪ್ಪದ ಮಣ್ಣಿನ ಗೋಡೆ. ಒಣಗಿದ ಮಣ್ಣಿನ ಗೋಡೆ ಭಾರ ಹೊರುವುದರಲ್ಲಿ ಗಟ್ಟಿ, ನೆನೆದರೆ ಹಿಟ್ಟು. ಅದಕ್ಕೇ ಸೂರನ್ನು ಗೋಡೆಯಿಂದ ಮೂರು ನಾಲ್ಕಡಿ ಹೊರಗೆ ಇಳಿಬಿಡುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಎರಚಲು ಹೊಡೆಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಸೂರಿನ ನೀರನ್ನು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹಿಡಿದು ದೂರ ಬಿಡುತ್ತಿದ್ದರು. ಬಚ್ಚಲು ಮನೆಯ ಒಂದು ತುದಿಗೆ, ಇಳಿಜಾರಿನ ಕಡೆಗೆ, ಅದರ ನೀರು ಬಾಳೆಬುಡಕ್ಕೆ. ಕೊಟ್ಟಿಗೆ ಇನ್ನೂ ದೂರ. ಮನೆಯ ಹಿಂದೆ ಧರೆಯ ಬುಡದಲ್ಲಿ ಒಂದು ಚರಂಡಿ, ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಅದರ ಕಸ ತೆಗೆಯುವುದು ಮನೆಯ ಗಂಡಸರ ಕೆಲಸ. ಇದೆಲ್ಲ ಪಾಯದ ಭಾಗವೇ. ನೆಲದೊಳಗಿನ ಕಲ್ಲು ಆ ವ್ಯವಸ್ಥೆಯ ಕಾಲುಪಾಲು ಮಾತ್ರ.

ಮನೆಯಲ್ಲಿ ಜನ ಕಡಿಮೆಯಾದ ಮೇಲೆ ಮೊದಲು ನಿಲ್ಲುವುದು ಈ ಚರಂಡಿ ಕೆಲಸ. ಆಮೇಲೆ ಅನುಕೂಲಕ್ಕೆಂದು ಅಂಗಳಕ್ಕೆ ಕಾಂಕ್ರೀಟ್ ಹಾಕಿಸುತ್ತಾರೆ. ಅಂಗಳದ ಮಟ್ಟ ಏರಿ, ಎರಡಡಿ ಇದ್ದ ಪಂಚಾಂಗ ಒಂದಡಿಗೆ ಇಳಿಯುತ್ತದೆ, ಸೂರಿನ ನೀರು ಬಿದ್ದು ಸಿಡಿದು ಗೋಡೆಗೇ ಹೊಡೆಯುತ್ತದೆ. ಗೋಡೆ ಉದುರುತ್ತದೆಂದು ಸಿಮೆಂಟ್ ಗಿಲಾವು ಬಳಿಸುತ್ತಾರೆ. ಒಳಗೆ ಸೇರಿದ ತೇವ ಹೊರಗೆ ಹೋಗಲಾಗದೆ ಗೋಡೆಯ ಬುಡ ಒಳಗೊಳಗೇ ಮೆತ್ತಗಾಗುತ್ತದೆ. ಹೊರಗಿನಿಂದ ನೋಡಿದರೆ ನುಣುಪಾಗಿ, ಬಣ್ಣ ಹೊಡೆದು, ಚಂದ ಕಾಣುತ್ತದೆ. ನಿಮ್ಮ ಮನೆಯ ಹಿಂಬದಿ ಗೋಡೆಯನ್ನು ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಿಲಾವು ಗೋಡೆಯನ್ನು ಬಿಟ್ಟಿದೆ ಎಂದು ತಿಳಿಯಿರಿ.

ಈಗ ಬಿರುಕಿನ ವಿಷಯ. ಅದು ಮೇಲೆ ಅಗಲ, ಕೆಳಗೆ ಸಣ್ಣ ಎಂದು ನೀವು ಗಮನಿಸಿ ಬರೆದದ್ದು ಬಹಳ ಉಪಯೋಗವಾಯಿತು. ಗೋಡೆಯ ತುದಿ ಅಥವಾ ಮೂಲೆ ಕೆಳಗಿಳಿದರೆ ಬಿರುಕು ಮೇಲ್ಗಡೆ ಬಾಯಿ ಬಿಡುತ್ತದೆ. ಗೋಡೆಯ ನಡು ಇಳಿದರೆ ಕೆಳಗಡೆ ಬಾಯಿ ಬಿಡುತ್ತದೆ. ಅಂದರೆ ನಿಮ್ಮಲ್ಲಿ ಇಳಿದಿರುವುದು ಮೂಲೆ ಮಾತ್ರ, ಇಡೀ ಗೋಡೆಯಲ್ಲ. ಇದು ಒಳ್ಳೆಯ ಸುದ್ದಿ. ಅಗಲದ ವಿಷಯಕ್ಕೆ ಬಂದರೆ, ಸಾಮಾನ್ಯವಾಗಿ 1 ಮಿಲಿಮೀಟರ್ ಒಳಗಿನದನ್ನು ನಾವು ಲೆಕ್ಕಕ್ಕಿಡುವುದಿಲ್ಲ. 5 ಮಿಲಿಮೀಟರ್ ತನಕ ತುಂಬಿ ಬಣ್ಣ ಹೊಡೆದು ಕಾಯಬಹುದು. 15 ಹತ್ತಿರ ಬಂದರೆ ಬಾಗಿಲು ಕಿಟಕಿ ಸಿಕ್ಕಿಕೊಳ್ಳಲು ಶುರುವಾಗುತ್ತದೆ, ಗೋಡೆಯ ಸ್ವಲ್ಪ ಭಾಗ ಬಿಚ್ಚಿ ಕಟ್ಟಬೇಕಾಗಬಹುದು. 25 ದಾಟಿದರೆ ಆ ಭಾಗ ನಿಂತಿರುವುದೇ ಅಪಾಯ. ಕಿರುಬೆರಳು ಅಂದರೆ ಸುಮಾರು 12ರಿಂದ 15. ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ, ಆದರೆ ಕೈಮೀರಿದ್ದೂ ಅಲ್ಲ.

ಅಗಲಕ್ಕಿಂತ ಮುಖ್ಯವಾದದ್ದು ಅದು ಈಗಲೂ ಬೆಳೆಯುತ್ತಿದೆಯೇ ಎಂಬುದು. ಬಿರುಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆ, ಧೂಳು, ಹಳೆಯ ಬಣ್ಣದ ಹನಿ ಇದ್ದರೆ ಹಳೆಯದು. ಅಂಚು ಚೂಪಾಗಿ, ಒಳಗಿನ ಮಣ್ಣು ತಾಜಾ ಬಣ್ಣದಲ್ಲಿದ್ದರೆ ಹೊಸದು. ಒಮ್ಮೆ ತುಂಬಿ, ಅದರ ಪಕ್ಕದಲ್ಲೇ ಮತ್ತೆ ಬಿಟ್ಟಿದ್ದರೆ ಇನ್ನೂ ನಡೆಯುತ್ತಿದೆ ಎಂದರ್ಥ. ಇನ್ನೊಂದು ಸಾಕ್ಷಿ ಬಾಗಿಲು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಹಿಡಿಯುವುದು ಸಹಜ, ಅದನ್ನು ನೋಡಿ ಹೆದರಬೇಕಿಲ್ಲ. ಆದರೆ ಬೇಸಿಗೆಯಲ್ಲೂ ಹಿಡಿಯುವ ಬಾಗಿಲು ಚೌಕಟ್ಟು ಓರೆಯಾಗಿದೆ ಎಂದು ಹೇಳುತ್ತದೆ. ಅಡುಗೆಮನೆ ಬಾಗಿಲಿನ ಮೇಲಂಚಿಗೆ ಕೈ ಹಾಕಿ ನೋಡಿ. ಒಂದು ಕಡೆ ಮಾತ್ರ ಕೀಸುಳಿ ಹೊಡೆದು ತೆಳ್ಳಗೆ ಮಾಡಿದ್ದರೆ, ಮನೆಯವರಿಗೆ ಈ ವಿಷಯ ಗೊತ್ತಾಗಿ ಕೆಲವು ವರ್ಷವೇ ಆಗಿದೆ.

ನಮ್ಮ ಜಿಲ್ಲೆಯಲ್ಲಿ ಬಿರುಕು ತೋರಿಸಿದರೆ ‘ಅದು ಹುಣಸೋಡು ಸ್ಫೋಟದಲ್ಲಿ ಆದದ್ದು’ ಎಂಬ ಮಾತೂ ಬರುತ್ತದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಕಲ್ಲುಗಣಿಯ ಸ್ಫೋಟಕ ಸಿಡಿದಾಗ ಅಕ್ಕಪಕ್ಕದ ಜಿಲ್ಲೆಗಳವರೆಗೂ ನಡುಕ ಗೊತ್ತಾಯಿತು, ಸುತ್ತಿನ ಊರುಗಳ ಮನೆಗಳಲ್ಲಿ ಗಾಜು ಒಡೆದು ಗೋಡೆ ಬಿರಿದದ್ದು ಸತ್ಯ. ಆದರೆ ಅಂಥ ಆಘಾತ ಒಂದೇ ಸಲ ಬಂದು ಹೋಗುತ್ತದೆ. ನೆಲವನ್ನು ಒಂದೇ ಮೂಲೆಯಲ್ಲಿ ಇಳಿಸಿ, ವರ್ಷದಿಂದ ವರ್ಷಕ್ಕೆ ಬಿರುಕನ್ನು ಹಿಗ್ಗಿಸುವುದಿಲ್ಲ. ತೀರ್ಥಹಳ್ಳಿಯಿಂದಾಚೆಗಿನ ಮನೆಗೆ ಈ ಕಾರಣ ಕೊಟ್ಟರೆ ನೀವು ಒಪ್ಪಬೇಕಿಲ್ಲ.

ಇಷ್ಟನ್ನು ಕಣ್ಣಲ್ಲಿ ನೋಡಿ ತಿಳಿಯಬಹುದು. ಮುಂದಿನದಕ್ಕೆ ನೆಲ ಅಗೆಯಬೇಕು. ಮಾರುವವರ ಒಪ್ಪಿಗೆ ಪಡೆದು ಮಳೆ ಶುರುವಾಗುವ ಮೊದಲೇ ಇದನ್ನು ಮಾಡಿಸಿ. ಬಿರುಕಿರುವ ಮೂಲೆಯ ಹೊರಗೆ, ಗೋಡೆಗೆ ತಾಗಿದಂತೆ ಮೂರಡಿ ಉದ್ದ ಎರಡಡಿ ಅಗಲದ ಒಂದು ಗುಂಡಿ. ಮನೆಯ ಇನ್ನೊಂದು ಗಟ್ಟಿ ಮೂಲೆಯಲ್ಲಿ ಅದೇ ಅಳತೆಯ ಇನ್ನೊಂದು. ಪಾಯದ ತಳ ಕಾಣುವವರೆಗೆ ಮಾತ್ರ ಅಗೆಯಬೇಕು, ಅದಕ್ಕಿಂತ ಕೆಳಗೆ ಒಂದಿಂಚೂ ಇಳಿಯಬಾರದು, ಗೋಡೆಯುದ್ದಕ್ಕೂ ಅಗೆಯಲೇಬಾರದು. ಅಂದೇ ನೋಡಿ ಅಂದೇ ಮುಚ್ಚಿ, ಗುದ್ದಿ ಗಟ್ಟಿ ಮಾಡಿಸಿ. ಎರಡು ಗುಂಡಿಯ ಮಣ್ಣನ್ನು ಕೈಯಲ್ಲಿ ಹಿಡಿದು ಹೋಲಿಸಿ. ಪಾಯದ ತಳದ ಮಣ್ಣಿಗೆ ಒಂದು ಕಬ್ಬಿಣದ ಸರಳು ಒತ್ತಿ. ಗಟ್ಟಿ ಮೂಲೆಯಲ್ಲಿ ತಡೆದ ಸರಳು ಇಲ್ಲಿ ಸಲೀಸಾಗಿ ಇಳಿದರೆ ನೆಲ ಮೆತ್ತಗಾಗಿದೆ.

ಬೇಸಿಗೆಯಿಂದ ನಮಗೆ ಆಗುವ ಉಪಕಾರ ಇಲ್ಲಿದೆ. ಏಪ್ರಿಲ್‌ನಲ್ಲಿ ಆ ಮೂಲೆಯ ಮಣ್ಣು ಹಸಿಯಾಗಿದ್ದು, ಇನ್ನೊಂದು ಮೂಲೆಯದು ಒಣಗಿದ್ದರೆ ಅದು ಮಳೆಯ ನೀರಲ್ಲ, ಮನೆಯದೇ ನೀರು. ಬಚ್ಚಲಿನ ಪೈಪು ಒಡೆದಿರಬೇಕು, ಇಲ್ಲವೇ ಪಾಯಿಖಾನೆಯ ಗುಂಡಿ ಗೋಡೆಗೆ ತೀರಾ ಹತ್ತಿರವಿರಬೇಕು. ಗುಂಡಿ ಎಲ್ಲಿದೆ, ಎಷ್ಟು ಸಿಮೆಂಟ್ ಉಂಗುರದ್ದು, ಯಾವ ವರ್ಷದ್ದು ಎಂದು ಕೇಳಿ, ಟೇಪ್ ಹಿಡಿದು ಅಳೆಯಿರಿ. ಇಂಗುವ ಗುಂಡಿ ಮನೆಯಿಂದ ಕನಿಷ್ಠ ಇಪ್ಪತ್ತಡಿ ದೂರ, ಇಳಿಜಾರಿನ ಕೆಳಗಿನ ಕಡೆ ಇರಬೇಕು. ಬಾವಿಯಿಂದ ಇನ್ನೂ ದೂರ, ಅರವತ್ತಡಿಯಾದರೂ ಬೇಕು. ಐದಾರು ಅಡಿಯಲ್ಲೇ ಗುಂಡಿ ತೋಡಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ದಿನವೂ ಒಂದಿಷ್ಟು ಕೊಡ ನೀರನ್ನು ಪಾಯದ ಬುಡಕ್ಕೆ ಎರೆದ ಹಾಗೆ ಅದು.

ನೆಲ ಎಷ್ಟು ಇಳಿದಿದೆ ಎಂದು ಅಳೆಯಲು ದೊಡ್ಡ ಉಪಕರಣ ಬೇಡ. ಮೇಸ್ತ್ರಿಗಳ ಹತ್ತಿರ ಇರುವ ನೀರು ತುಂಬಿದ ಟ್ಯೂಬ್ ಲೆವೆಲ್ ಸಾಕು. ಪಂಚಾಂಗದ ಮೇಲಂಚನ್ನು ಮೂಲೆಯಿಂದ ಮೂಲೆಗೆ ಹಿಡಿದು ವ್ಯತ್ಯಾಸ ಬರೆದುಕೊಳ್ಳಿ. ಜೊತೆಗೆ ತೂಗುಗುಂಡು ಬಿಟ್ಟು ಹಿಂಬದಿ ಗೋಡೆ ಯಾವ ಕಡೆಗೆ ವಾಲಿದೆ ನೋಡಿ. ಈ ಒಂದು ಅಳತೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೂಲೆ ಇಳಿದು ಗೋಡೆ ಹೊರಕ್ಕೆ ವಾಲಿದ್ದರೆ ಕೆಳಗಿನ ನೆಲ ಮೆತ್ತಗಾಗಿದೆ, ಅದು ಬಚ್ಚಲಿನ ಕಥೆಗೆ ಹೊಂದುತ್ತದೆ. ಆದರೆ ಧರೆಯ ಕಡೆಯ ಗೋಡೆ ಒಳಕ್ಕೆ, ಮನೆಯ ಕಡೆಗೆ ಉಬ್ಬಿದ್ದರೆ, ಹಿತ್ತಿಲಿನ ನೆಲ ಎಲ್ಲಾದರೂ ಮೇಲೆದ್ದಿದ್ದರೆ, ಹಿಂದಿನ ಗುಡ್ಡ ತಳ್ಳುತ್ತಿರಬಹುದು. ಅದನ್ನು ಕಂಡರೆ ಮುಂದಿನ ಪರೀಕ್ಷೆ ಯಾವುದೂ ಬೇಡ, ವಾಪಸ್ ಬನ್ನಿ.

ಈಗ ಧರೆ. ಮನೆಯ ಹಿಂದೆ, ಮೇಲಿರುವ ಧರೆಯನ್ನು ಕಡಿದದ್ದರಿಂದ ಪಾಯ ಇಳಿಯಿತು ಎಂದು ಕೆಲವರು ಹೇಳುತ್ತಾರೆ. ನೇರವಾಗಿ ಹಾಗಾಗುವುದಿಲ್ಲ. ಪಾಯದ ಆಸರೆ ತಪ್ಪುವುದು ಮನೆಯ ಮುಂದೆ, ಇಳಿಜಾರಿನ ಕಡೆಯ ಧರೆ ಕಡಿದಾಗ. ಆದ್ದರಿಂದ ನಿಮ್ಮ ಮನೆಯ ಮುಂದೆಯೂ ರಸ್ತೆಗೋ ತೋಟಕ್ಕೋ ಯಾರಾದರೂ ಕಡಿದಿದ್ದಾರೆಯೇ ಎಂದು ನೋಡಿ, ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ. ಹಿಂದಿನ ಧರೆ ಎರಡು ಬೇರೆ ಕೆಡುಕು ಮಾಡುತ್ತದೆ. ಒಂದು, ಅದು ಮನೆಯ ಮೇಲೆ ಬೀಳಬಹುದು. ಎರಡು, ಅದು ನೀರನ್ನು ಹೊರಗೆ ತರುತ್ತದೆ.

ನಮ್ಮ ಕಡೆಯ ಗುಡ್ಡಗಳ ಮೇಲ್ಪದರ ಗಟ್ಟಿಯಾದ ಜಂಬಿಟ್ಟಿಗೆ. ಕಡಿದು ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುವ ಕಲ್ಲು. ಆದರೆ ಬಹಳ ಕಡೆ ಅದರ ಕೆಳಗೆ ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ನುಣ್ಣನೆಯ ಮಣ್ಣಿರುತ್ತದೆ. ಗೋಡೆಗೆ ಬಳಿಯುವ ಶೇಡಿ ಅಂದರೆ ನಿಮ್ಮ ಮಾವನವರಿಗೆ ಗೊತ್ತಿರುತ್ತದೆ, ಅದೇ ಜಾತಿಯ ಮಣ್ಣು. ಒಣಗಿದ್ದಾಗ ಗುದ್ದಲಿಗೂ ಬಗ್ಗುವುದಿಲ್ಲ, ನೀರು ಕುಡಿದರೆ ಗಂಜಿಯಾಗುತ್ತದೆ. ಜೆಸಿಬಿ ಮೇಲಿನ ಗಟ್ಟಿ ಪದರವನ್ನು ಕಡಿದು ಈ ಮಣ್ಣನ್ನು ಬಯಲು ಮಾಡಿದರೆ, ಮೇಲಿಂದ ಇಂಗಿದ ನೀರು ಎರಡು ಪದರದ ಸಂಧಿಯಲ್ಲಿ ಹೊರಬರುತ್ತದೆ, ಬರುವಾಗ ಮಣ್ಣನ್ನೂ ಕೊರೆದು ತರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಜಲ ಎದ್ದರೆ, ಅಂದರೆ ನೆಲದೊಳಗಿನ ನೀರು ಉಕ್ಕಿದರೆ, ಹಿತ್ತಿಲು, ಅಡುಗೆಮನೆ, ದೇವರಕೋಣೆ ಎಂದು ನೋಡುವುದಿಲ್ಲ.

ಮಣ್ಣಿನ ಬಣ್ಣ ನೋಡಿ. ಧರೆಯ ಮುಖದಲ್ಲಿ ಮೇಲಿಂದ ಕೆಳಗಿನವರೆಗೆ ರಂಧ್ರ ರಂಧ್ರದ ಕೆಂಪು ಕಲ್ಲೇ ಇದ್ದರೆ ಸ್ವಲ್ಪ ನೆಮ್ಮದಿ. ಬುಡದಲ್ಲಿ ಬಿಳಿ ಮಣ್ಣು ಕಾಣಿಸಿದರೆ ಎಚ್ಚರ. ಆಮೇಲೆ ಧರೆಯ ಮೇಲೆ ಹತ್ತಿ ಹೋಗಿ. ಈ ಕೆಲಸವನ್ನು ಮನೆ ನೋಡಲು ಬರುವವರು ಯಾರೂ ಮಾಡುವುದಿಲ್ಲ, ನೀವು ಮಾಡಿ. ಅಂಚಿಗೆ ಸಮಾನಾಂತರವಾಗಿ, ಬಿಲ್ಲಿನ ಹಾಗೆ ಬಾಗಿದ ಬಿರುಕು ನೆಲದಲ್ಲಿದೆಯೇ? ತರಗೆಲೆ ಸರಿಸಿ ನೋಡಬೇಕು. ಮರಗಳು ಒಂದೇ ಕಡೆಗೆ ವಾಲಿ, ಬುಡದಲ್ಲಿ ಬಾಗಿ ಮತ್ತೆ ನೆಟ್ಟಗಾಗಿವೆಯೇ? ಇವು ಗುಡ್ಡ ಜಾರುತ್ತಿರುವ ಗುರುತು. ಮೇಲೆ ಯಾರಾದರೂ ಅಗಳ ತೋಡಿ, ಇಂಗುಗುಂಡಿ ತೆಗೆದು ನೀರು ನಿಲ್ಲಿಸಿದ್ದಾರೆಯೇ? ಬಯಲುಸೀಮೆಯಲ್ಲಿ ಇಂಗುಗುಂಡಿ ಪುಣ್ಯದ ಕೆಲಸ. ಮಲೆನಾಡಿನಲ್ಲಿ ಮನೆಯ ಮೇಲಿನ ಗುಡ್ಡದಲ್ಲಿ ಅದನ್ನು ತೋಡಿದರೆ ಧರೆಯೊಳಕ್ಕೆ ನೀರು ಊಡಿಸಿದಂತೆ. ಹೊಸ ರಸ್ತೆಯ ಮೋರಿ ಬಾಯಿ ಇತ್ತ ತಿರುಗಿದ್ದರೂ ಅಷ್ಟೇ.

ಮನೆಗೂ ಧರೆಗೂ ಎಷ್ಟು ದೂರ ಇರಬೇಕು ಎಂದು ಜನ ಕೇಳುತ್ತಾರೆ. ಧರೆ ಎಷ್ಟು ಎತ್ತರವೋ ಅಷ್ಟಾದರೂ ದೂರ ಬೇಕು ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಅದು ಬರೀ ಧರೆಯ ಮುಖ ಕುಸಿದರೆ ಸಾಕಾಗುವ ದೂರ. ಗುಡ್ಡವೇ ಜಾರಿದರೆ ಯಾವ ಲೆಕ್ಕವೂ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನು ಎಲ್ಲರೂ ನೋಡಿದ್ದೇವೆ. ಮರುವರ್ಷ ಆಗಸ್ಟ್‌ನಲ್ಲಿ ಇದೇ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ತೋಟ ಗದ್ದೆಗಳ ಮೇಲೆ ಬಂತು. ಅದಕ್ಕೇ ನಾನು ಧರೆಯ ವಿಷಯದಲ್ಲಿ ಯಾರಿಗೂ ‘ನೋಡೋಣ’ ಎಂದು ಹೇಳುವುದಿಲ್ಲ. ಪಾಯ ಕೂತರೆ ಹಣ ಹೋಗುತ್ತದೆ. ಧರೆ ಬಿದ್ದರೆ ಮಲಗಿದವರು ಏಳುವುದಿಲ್ಲ.

ತಡೆಗೋಡೆ ಕಟ್ಟಿಸಿದರಾಯಿತಲ್ಲ ಎಂದು ಮಾರುವವರು ಹೇಳಬಹುದು. ಐದಾರು ಅಡಿಯ ಧರೆಗೆ, ಬುಡ ಅಗಲವಾಗಿ, ಹಿಂದೆ ಜಲ್ಲಿ ತುಂಬಿ, ನೀರು ಹೋಗಲು ಪೈಪು ಬಿಟ್ಟು ಕಟ್ಟಿದ ಕಲ್ಲಿನ ಪಿಚ್ಚಿಂಗ್ ಚೆನ್ನಾಗಿ ನಿಲ್ಲುತ್ತದೆ. ಹತ್ತು ಹದಿನೈದು ಅಡಿಗೆ ಹೋದರೆ ಅದು ಎಂಜಿನಿಯರ್ ಲೆಕ್ಕ ಹಾಕಿ ಕಬ್ಬಿಣ ಕಟ್ಟಿ ಮಾಡಬೇಕಾದ ಕೆಲಸ, ಖರ್ಚು ಹಳೇ ಮನೆಯ ಬೆಲೆಯನ್ನೇ ಮೀರಬಹುದು. ಪೈಪಿಲ್ಲದ ತಡೆಗೋಡೆ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಹಿಂದೆ ನೀರು ತುಂಬಿ, ಒಂದು ದಿನ ಗೋಡೆಯೂ ಮಣ್ಣೂ ಒಟ್ಟಿಗೇ ಬರುತ್ತವೆ. ಇನ್ನೊಂದು ಮಾತು: ಧರೆಯ ಮೇಲಿನ ಜಾಗ ಯಾರದು? ಬೇರೆಯವರ ಸೊಪ್ಪಿನಬೆಟ್ಟವೋ ಅರಣ್ಯವೋ ಆದರೆ ಅಲ್ಲಿ ಒಂದು ಚರಂಡಿ ತೆಗೆಯಲೂ ನಿಮಗೆ ಹಕ್ಕಿರುವುದಿಲ್ಲ.

ಬಚ್ಚಲಿನ ನೀರೇ ಕಾರಣ, ಧರೆ ಗಟ್ಟಿ ಎಂದು ಗೊತ್ತಾಯಿತೆನ್ನಿ. ಆಗ ಏನು ಮಾಡಬೇಕು? ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿಗೆ ಬಂದ ಹೊಸದರಲ್ಲಿ ಹೊಸನಗರ ಕಡೆಯ ಒಂದು ಮನೆಯಲ್ಲಿ ಇಂಥದೇ ಮೂಲೆಗೆ ಪಾಯದ ಕೆಳಗೆ ಕಾಂಕ್ರೀಟ್ ಕೊಡಿಸಿದೆ. ಕೆಲಸ ಅಚ್ಚುಕಟ್ಟಾಗಿಯೇ ಆಗಿತ್ತು. ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕಿರಲಿಲ್ಲ. ಎರಡನೇ ಮಳೆಗಾಲಕ್ಕೆ ಕಾಂಕ್ರೀಟ್ ಇದ್ದಲ್ಲೇ ಇತ್ತು, ಅದರ ಪಕ್ಕದ ಗೋಡೆ ಇಳಿಯಿತು. ಆ ಮನೆಯ ಯಜಮಾನರು ಅಡಿಕೆ ಮಾರಿದ ಹಣವನ್ನು ಅದಕ್ಕೆ ಹಾಕಿದ್ದರು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಆ ಮೌನ ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅಂದಿನಿಂದ ನೀರು ತಿರುಗಿಸಿ ಒಂದು ಮಳೆಗಾಲ ಕಳೆಯದೆ ಪಾಯಕ್ಕೆ ಕೈಹಾಕಿಸುವುದಿಲ್ಲ.

ಹಾಗಾಗಿ ಮೊದಲ ವರ್ಷದ ಕೆಲಸ ಅಗ್ಗದ್ದು: ಬಚ್ಚಲು ಪಾಯಿಖಾನೆ ಬೇರೆ ಕಡೆಗೆ, ಹೊಸ ಗುಂಡಿ ದೂರಕ್ಕೆ, ಹಳೇ ಗುಂಡಿ ಖಾಲಿ ಮಾಡಿ ಮಣ್ಣು ತುಂಬುವುದು, ಧರೆಯ ಬುಡದ ಚರಂಡಿಯನ್ನು ಮತ್ತೆ ತೋಡಿ ಇಳಿಜಾರು ಕೊಡುವುದು, ಗೋಡೆಗೆ ತಾಗಿದ ಕಾಂಕ್ರೀಟ್ ಇದ್ದರೆ ಎರಡಡಿ ಒಡೆದು ತೆಗೆಯುವುದು, ಸೂರಿಗೆ ನೀರು ಹಿಡಿಯುವ ದೋಣಿ. ಬಿರುಕಿನ ಎರಡು ಬದಿಗೆ ಗೀರು ಹಾಕಿ, ಪಕ್ಕದಲ್ಲಿ ತಾರೀಖು ಬರೆದು, ತಿಂಗಳಿಗೊಮ್ಮೆ ಅಳೆಯಿರಿ. ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡು ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಅಂಟಿಸಿದರೆ, ಗೋಡೆ ಅಲುಗಿದರೆ ಗಾಜು ಒಡೆದು ಹೇಳುತ್ತದೆ. ಎಷ್ಟೋ ಮನೆಗಳಲ್ಲಿ ನೀರು ನಿಂತ ಮೇಲೆ ಬಿರುಕೂ ನಿಂತಿದೆ. ಆಗ ಗೋಡೆಯದೇ ಜಾತಿಯ ಮಣ್ಣಿಗೆ ಸ್ವಲ್ಪ ಸುಣ್ಣ ಬೆರೆಸಿ ತುಂಬಿ, ಸುಣ್ಣದ ಗಾರೆ ಬಳಿದರೆ ಮುಗಿಯಿತು. ಸಿಮೆಂಟ್ ಬೇಡ.

ನಿಲ್ಲದಿದ್ದರೆ ಪಾಯದ ಕೆಳಗೆ ಹೊಸ ಆಸರೆ. ಅದಕ್ಕೆ ಮುಂಚೆ ಛಾವಣಿಯ ಭಾರವನ್ನು ಆಸರೆ ಕಂಬಗಳ ಮೇಲೆ ಇಳಿಸಿಕೊಳ್ಳಬೇಕು. ಮೂರು ನಾಲ್ಕು ಅಡಿಯ ತುಂಡು ತುಂಡಾಗಿ, ಒಂದು ಬಿಟ್ಟು ಒಂದು ಅಗೆದು, ಕಾಂಕ್ರೀಟ್ ಹಾಕಿ, ಹಳೇ ಪಾಯದ ತಳಕ್ಕೂ ಅದಕ್ಕೂ ನಡುವೆ ಉಳಿಯುವ ಎರಡು ಮೂರಿಂಚು ಸಂದಿನಲ್ಲಿ ಗಟ್ಟಿ ಗಾರೆ ಒತ್ತಿ ತುಂಬಿ, ಅದು ಪೂರ್ತಿ ಗಟ್ಟಿಯಾದ ಮೇಲೆಯೇ ಪಕ್ಕದ ತುಂಡು ಅಗೆಯಬೇಕು. ಒಂದೇ ದಿನ ಗೋಡೆಯುದ್ದಕ್ಕೂ ಅಗೆಯುತ್ತೇನೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಮಣ್ಣಿನಲ್ಲಿ ಕೂರಿಸಿದ ಹಳೇ ಕಲ್ಲು ಒಮ್ಮೆ ಸಡಿಲಾದರೆ ಗೋಡೆ ಕೆಳಗೆ ಬರುತ್ತದೆ, ಕೆಳಗೆ ಕೆಲಸದವರಿರುತ್ತಾರೆ.

ಸಾಮಾನ್ಯವಾಗಿ ನಮ್ಮ ಹಳೇ ಮನೆಗಳಲ್ಲಿ ಅಡುಗೆಮನೆ ಹಿಂದೆ ಬೇರೆ ಅಂಕಣವಾಗಿರುತ್ತದೆ. ಅಟ್ಟ ಹತ್ತಿ ನೋಡಿ, ಅದರ ತೊಲೆ ಜಗಲಿ, ನಡುಮನೆಯ ತೊಲೆಗೆ ಸೇರಿದೆಯೋ ಬೇರೆಯೋ. ಬೇರೆಯಾಗಿದ್ದರೆ ಅಡುಗೆಮನೆಯನ್ನು ಮಾತ್ರ ಬಿಚ್ಚಿ, ಹೆಂಚು, ಪಕಾಸು, ರೀಪು ಇಳಿಸಿಟ್ಟು, ಹೊಸ ಪಾಯ ಹಾಕಿ ಅದೇ ಸಾಮಾನಿನಲ್ಲಿ ಕಟ್ಟುವುದು ರಿಪೇರಿಗಿಂತ ಸುಲಭ. ನಿಮ್ಮ ಮೇಸ್ತ್ರಿ ಹೇಳಿದ ಹಾಗೆ ಇಡೀ ಮನೆ ಕೆಡವುವ ಅಗತ್ಯ ನನಗೆ ಕಾಣುತ್ತಿಲ್ಲ. ಅಟ್ಟದಲ್ಲಿರುವಾಗ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒರಲೆ ಹಿಡಿಯುವುದು ಅಲ್ಲೇ.

ಬೆಲೆ ಮಾತಾಡುವಾಗ ಅಡುಗೆಮನೆ ಇಲ್ಲವೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿ. ಹಿತ್ತಿಲಿನ ಜಾಗ, ಗಟ್ಟಿಯಿರುವ ಭಾಗ, ಮರಮುಟ್ಟು, ಇಷ್ಟಕ್ಕೆ ಬೆಲೆ ಕಟ್ಟಿ, ಅದರಿಂದ ಬಚ್ಚಲು, ಚರಂಡಿ, ಅಡುಗೆಮನೆಯ ಅಂದಾಜು ಕಳೆಯಿರಿ. ಹಳೇ ಮನೆಯ ಅಂದಾಜು ಯಾವತ್ತೂ ಬೆಳೆಯುತ್ತದೆ, ಅರ್ಧಪಾಲು ಹೆಚ್ಚಿಗೆ ಇಟ್ಟುಕೊಳ್ಳಿ.

ಕಾಗದಪತ್ರ ವಕೀಲರ ಕೆಲಸ, ಆದರೂ ಪಾಯಕ್ಕೆ ಸಂಬಂಧಿಸಿದ್ದನ್ನು ಹೇಳಿಬಿಡುತ್ತೇನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರ ವಹಿಸಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ಕಣ್ಣಿಗೆ ಕಾಣುವ ಬಿರುಕಿಗೆ ಈ ರಕ್ಷಣೆ ಸಿಗುವುದು ಕಷ್ಟ. ನೀವು ನೋಡಿದ್ದೀರಿ, ಬರೆದೂ ಇಟ್ಟಿದ್ದೀರಿ. ಬ್ಯಾಂಕಿನಿಂದ ಬರುವ ಮೌಲ್ಯಮಾಪಕರು ಸಾಲಕ್ಕೆ ಆಸ್ತಿ ಸಾಕೇ ಎಂದು ನೋಡುತ್ತಾರೆ, ಪಾಯ ಅಗೆದು ನೋಡುವುದಿಲ್ಲ. 2021ರಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ವಿಮೆಯಲ್ಲಿ ಭೂಕುಸಿತ, ನೆಲ ಕುಸಿತಕ್ಕೆ ರಕ್ಷಣೆಯಿದೆ, ಆದರೆ ತುಂಬಿದ ಮಣ್ಣು ಕೂತದ್ದು, ಕಟ್ಟಿದ್ದರಲ್ಲಿನ ದೋಷ ಅದರಲ್ಲಿ ಸೇರುವುದಿಲ್ಲ. ಜೊತೆಗೆ, ಕಡಿದ ಧರೆ ಖಾತೆಯ ಚಕ್ಕುಬಂದಿಯೊಳಗೇ ಇದೆಯೇ ಎಂದು ಸರ್ವೆಯವರಿಂದ ಅಳೆಸಿ. ಇ-ಸ್ವತ್ತು (ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆ) ಇದೆಯೇ, ಮನೆ 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ ಕಲಮು) ಅಡಿ ಸಕ್ರಮವಾದದ್ದಾದರೆ ಮಾರಾಟಕ್ಕೆ ನಿರ್ಬಂಧವಿದೆಯೇ ಎಂಬುದನ್ನೂ ಕೇಳಿ.

ಶಿವಮೊಗ್ಗ, ಭದ್ರಾವತಿ ಕಡೆಯ ಬಯಲಿನ ಓದುಗರು ಇದನ್ನು ತಮ್ಮ ಮನೆಗೆ ಹಾಗೇ ಅನ್ವಯಿಸಬಾರದು. ಅಲ್ಲಿ ಎರೆಮಣ್ಣಿರುವ ಕಡೆ ಕಥೆಯೇ ಬೇರೆ. ಬೇಸಿಗೆಯಲ್ಲಿ ನೆಲ ಕುಗ್ಗಿ ಬಿರುಕು ಬಾಯಿ ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಮನೆ ನೋಡಬೇಕಾದದ್ದು ಏಪ್ರಿಲ್ ಕೊನೆಗೆ. ಗದ್ದೆಗೆ ಮಣ್ಣು ತುಂಬಿ ಮಾಡಿದ ಸೈಟಾದರೆ ತುಂಬಿದ ಮಣ್ಣು ಎಷ್ಟು ಅಡಿ ಎಂಬುದೇ ಮೊದಲ ಪ್ರಶ್ನೆ.

ನೀವು ಮಾರುವವರಿಗೆ ಹೀಗೆ ಹೇಳಿ: ಮನೆ ಇಷ್ಟವಾಗಿದೆ, ಬೆಲೆಯಲ್ಲಿ ಚೌಕಾಸಿ ಆಮೇಲೆ. ಮಳೆಗಾಲದಲ್ಲಿ ಎರಡು ದಿನ ಬಂದು ಇದ್ದು ನೋಡಿ, ಆಗಸ್ಟ್ ಕೊನೆಗೆ ತೀರ್ಮಾನ ಹೇಳುತ್ತೇವೆ. ಅವರಿಗೆ ಭರವಸೆ ಬೇಕಿದ್ದರೆ ಸಣ್ಣ ಮೊತ್ತ ಕೊಟ್ಟು, ಪಾಯ ಮತ್ತು ಧರೆಯ ಪರೀಕ್ಷೆಯಲ್ಲಿ ದೋಷ ಕಂಡರೆ ಪೂರ್ತಿ ವಾಪಸ್ ಎಂದು ಕರಾರಿನಲ್ಲಿ ಬರೆಸಿ. ಗುಂಡಿ ಅಗೆಯಲು, ಮಳೆಯಲ್ಲಿ ನೋಡಲು ಎರಡಕ್ಕೂ ಒಪ್ಪದಿದ್ದರೆ ಆ ಮನೆ ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿಸಲಿ. ಒಪ್ಪಿದರೆ, ಏಪ್ರಿಲ್‌ನ ಗುಂಡಿಯಲ್ಲಿ ಮನೆಯ ನೀರು ಕಂಡು, ಜುಲೈನಲ್ಲಿ ಧರೆ ಗಟ್ಟಿಯಾಗಿಯೇ ನಿಂತು, ಅದರಿಂದ ಹೊರಬರುವ ನೀರು ತಿಳಿಯಾಗಿದ್ದರೆ, ಕೊಳ್ಳಿ. ಧರೆಯಿಂದ ಕೆಂಪಗೆ, ಬೆಳ್ಳಗೆ ಕದಡಿದ ನೀರು ಬರುತ್ತಿದ್ದರೆ ಕೊಳ್ಳಬೇಡಿ.

ಜುಲೈಯಲ್ಲಿ ಬರುವಾಗ ಮಾವನವರನ್ನೂ ಕರೆದುಕೊಂಡು ಬನ್ನಿ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರಾದರೆ ನೆಲದಲ್ಲಿ ಜಲ ಏಳುವುದನ್ನು ಅವರ ಬರಿಗಾಲು ನಮ್ಮ ಟ್ಯೂಬ್ ಲೆವೆಲ್‌ಗಿಂತ ಮೊದಲು ತಿಳಿಯುತ್ತದೆ. ನೆರೆಮನೆಯ ಹಿರಿಯರ ಹತ್ತಿರ ಅವರನ್ನು ಕೂರಿಸಿ, 2019ರ ಮಳೆಯಲ್ಲಿ ಈ ಹಿತ್ತಿಲಿನಲ್ಲಿ ಏನಾಯಿತು ಎಂದು ಕೇಳಿಸಿ. ಮನೆ ನೋಡಲು ಬಂದ ನಿಮಗೆ ಹೇಳದ್ದನ್ನು ಅವರಿಗೆ ಹೇಳಿಯಾರು. ಅಲ್ಲಿಯವರೆಗೆ, ಮುಂದಿನ ಸಲ ಹೋದಾಗ ಬಿರುಕಿನ ಪಕ್ಕ ಪೆನ್ಸಿಲ್ ಗೀರು ಹಾಕಿ ತಾರೀಖು ಬರೆದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಜುಲೈನ ಫೋಟೋದ ಜೊತೆ ಅದನ್ನೂ ಕಳಿಸಿ, ನೋಡಿ ಹೇಳುತ್ತೇನೆ.